‘ಇಷ್ಟು ಸಾಕೇ?’ ಎಂಬ ಪ್ರಶ್ನೆ

ಪುಣೆಯ ಕನ್ನಡ ಕ್ರೈಸ್ತ ಸಭೆಗಳಲ್ಲಿ ಯಾರನ್ನಾದರೂ ಪಕ್ಕಕ್ಕೆ ಕರೆದು, ನಿಮಗೆ ರಕ್ಷಣೆಯ ನಿಶ್ಚಯವಿದೆಯೇ, ಅಂದರೆ ದೇವರು ಪಾಪ ಕ್ಷಮಿಸಿ ನಿತ್ಯಜೀವ ಕೊಟ್ಟಿದ್ದಾನೆಂಬ ಭರವಸೆ ಇದೆಯೇ ಎಂದು ಕೇಳಿದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: “ಅದೆಲ್ಲ ದೇವರ ಚಿತ್ತ. ನಮ್ಮ ಕೈಲಾದದ್ದನ್ನು ನಾವು ಮಾಡುತ್ತಾ ಬಂದಿದ್ದೇವೆ.” ಹೇಳುವವರು ವಿನಯದಿಂದಲೇ ಹೇಳುತ್ತಾರೆ, ಅದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಆ ಉತ್ತರವನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲಿಟ್ಟುಕೊಂಡು ಯೋಚಿಸಿದರೆ, ಮೊದಲನೆಯ ಮಾತಿನಲ್ಲಿ ದೇವರ ಕೈಗೆ ಒಪ್ಪಿಸಿದ್ದನ್ನು ಎರಡನೆಯ ಮಾತಿನಲ್ಲಿ ನಾವೇ ಹಿಂದಕ್ಕೆ ಪಡೆದುಕೊಂಡಿರುವುದು ಕಾಣುತ್ತದೆ. ಕೈಲಾದದ್ದನ್ನು ಮಾಡಿದ್ದೇವೆ ಎಂಬುದೇ ನಮ್ಮ ಆಧಾರವಾದರೆ, ಕೈಲಾಗಿಯೂ ಮಾಡದೆ ಬಿಟ್ಟದ್ದು ಎಷ್ಟೆಂಬ ಪ್ರಶ್ನೆ ಒಂದಲ್ಲ ಒಂದು ರಾತ್ರಿ ನಮ್ಮನ್ನು ಎಬ್ಬಿಸಿ ಕೂರಿಸುತ್ತದೆ.

ಇದು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ನಮ್ಮ ಸಮಾಧಿ ಆರಾಧನೆಗಳಲ್ಲಿ. ಸಭಾಪಾಲಕರು ಯೋಹಾನನ ಸುವಾರ್ತೆಯ ಹನ್ನೊಂದನೆಯ ಅಧ್ಯಾಯವನ್ನು ಓದುತ್ತಾರೆ. ತಾನೇ ಪುನರುತ್ಥಾನವೂ ಜೀವವೂ ಆಗಿದ್ದೇನೆ, ತನ್ನನ್ನು ನಂಬುವವನು ಸತ್ತರೂ ಬದುಕುವನು ಎಂದು ಯೇಸು ಮಾರ್ಥಳಿಗೆ ಹೇಳಿದ ಮಾತು ಪೆಟ್ಟಿಗೆಯ ಪಕ್ಕದಲ್ಲಿ ನಿಂತವರ ಕಿವಿಗೆ ಬೀಳುತ್ತದೆ. ಅದಾದ ಮೇಲೆ ನಾಲ್ಕು ಜನ ಎದ್ದು ನಿಂತು ಮಾತನಾಡುತ್ತಾರೆ. ತೀರಿಕೊಂಡವರು ಎಷ್ಟು ವರ್ಷ ಸಭೆಯ ಖಜಾಂಚಿಯಾಗಿದ್ದರು, ಸಂಡೇ ಸ್ಕೂಲಿನಲ್ಲಿ ಎಷ್ಟು ಮಕ್ಕಳಿಗೆ ಕಲಿಸಿದರು, ದಶಮಾಂಶವನ್ನು ಹೇಗೆ ತಪ್ಪದೆ ಕೊಟ್ಟರು ಎಂಬುದೆಲ್ಲ ಬರುತ್ತದೆ, ಕೊನೆಗೆ, “ಇಂಥವರು ಸ್ವರ್ಗಕ್ಕೆ ಹೋಗದೆ ಮತ್ತಾರು ಹೋಗುತ್ತಾರೆ?” ಎಂಬಲ್ಲಿಗೆ ಮುಗಿಯುತ್ತದೆ. ತೀರಿಕೊಂಡವರನ್ನು ಪ್ರೀತಿಯಿಂದ ನೆನೆಯುವುದು ಒಳ್ಳೆಯದೇ. ಆದರೆ ಓದಿದ ವಾಕ್ಯವು ಕೊಟ್ಟ ಕಾರಣವೇ ಬೇರೆ, ಭಾಷಣಗಳು ಕೊಟ್ಟ ಕಾರಣವೇ ಬೇರೆ. ಮನೆಗೆ ಹೋಗುವಾಗ ನಮ್ಮ ಮಕ್ಕಳ ತಲೆಯಲ್ಲಿ ಉಳಿಯುವುದು ಎರಡನೆಯದೇ.

ನಮ್ಮ ಸಭೆಯ ಹಿನ್ನೆಲೆಯನ್ನು ಬಲ್ಲವರಿಗೆ ಇದು ಇನ್ನೂ ವಿಚಿತ್ರವಾಗಿ ಕಾಣಬೇಕು. ಮರಾಠಿ ಆರಾಧನೆ ಮುಗಿದ ಮೇಲೆ ಅದೇ ದೇವಾಲಯದಲ್ಲಿ ಕೂಡುವ ನಮ್ಮಲ್ಲಿ ಕೆಲವರು ಬೀದರ್, ಕಲಬುರಗಿ, ಯಾದಗಿರಿ ಕಡೆಯ ಮೆಥೊಡಿಸ್ಟರು; ಕೆಲವರು ಧಾರವಾಡ, ಗದಗ–ಬೆಟಗೇರಿ, ಗುಳೇದಗುಡ್ಡ ಕಡೆಯ ಬಾಸೆಲ್ ಮಿಷನ್ ಮನೆತನದವರು. 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದ ಆ ಮಿಷನರಿಗಳು ಹುಟ್ಟು, ಮನೆತನ, ಸಭೆಯ ಸದಸ್ಯತ್ವ ಇವು ಯಾವುವೂ ಸಾಲವು, ಪ್ರತಿಯೊಬ್ಬನೂ ತಾನಾಗಿ ಕ್ರಿಸ್ತನನ್ನು ನಂಬಿ ಹೊಸದಾಗಿ ಹುಟ್ಟಬೇಕು ಎಂದು ಒತ್ತಿ ಹೇಳಿದ ಜರ್ಮನ್ ಭಕ್ತಿಪರಂಪರೆಯಿಂದ ಬಂದವರು. ಮೆಥೊಡಿಸ್ಟ್ ಸಭೆಯಂತೂ ಜಾನ್ ವೆಸ್ಲಿ ಎಂಬ ಒಬ್ಬ ವ್ಯಕ್ತಿಗೆ ದೊರೆತ ನಿಶ್ಚಯದಿಂದಲೇ ಜೀವ ಪಡೆದದ್ದು. ಆ ಎರಡು ಪರಂಪರೆಗಳ ಮೊಮ್ಮಕ್ಕಳಾದ ನಾವು ಇಂದು ನಮ್ಮ ಹಾಜರಿ, ನಮ್ಮ ಕಾಣಿಕೆ, ನಮ್ಮ ಸೇವೆ ಇವುಗಳ ಮೇಲೆ ಒರಗಿಕೊಂಡು ಕುಳಿತಿದ್ದೇವೆ.

ಹಾಗೆ ಒರಗಿಕೊಂಡದ್ದು ಕಷ್ಟಕಾಲದಲ್ಲಿ ನಿಲ್ಲುವುದಿಲ್ಲ ಎಂಬುದನ್ನು ನಾನು ಹತ್ತಿರದಿಂದ ಕಂಡದ್ದು ಖಡಕಿಯ ಒಂದು ಮನೆಯಲ್ಲಿ. ನಮ್ಮ ಸಭೆಯಲ್ಲಿ ಎಲ್ಲರೂ ‘ಸಿಸ್ಟರ್ ಅಜ್ಜಿ’ ಎಂದೇ ಕರೆಯುತ್ತಿದ್ದ ಹಿರಿಯರೊಬ್ಬರಿದ್ದರು. ಗದಗದ ಕಡೆಯವರು, ನರ್ಸಿಂಗ್ ಕಲಿತು, ದುಡಿಯುವ ವಯಸ್ಸನ್ನೆಲ್ಲ ಆಸ್ಪತ್ರೆಯ ವಾರ್ಡುಗಳಲ್ಲಿ ಕಳೆದು, ನಿವೃತ್ತರಾದ ಮೇಲೆ ಮಗನ ಮನೆಗೆ ಬಂದಿದ್ದರು. ಹೃದಯ ಸೋತು ಕಾಲುಗಳಲ್ಲಿ ನೀರು ತುಂಬಿಕೊಂಡಿದ್ದರಿಂದ ಅವರಿಗೆ ಚಪ್ಪಟೆ ಮಲಗಲು ಆಗುತ್ತಿರಲಿಲ್ಲ. ಬೆನ್ನಿಗೆ ದಿಂಬುಗಳನ್ನು ಒಟ್ಟಿಕೊಂಡು ಕೂತೇ ಇರುತ್ತಿದ್ದರು. ಮಾತನಾಡುವಾಗಲೂ ಅವರ ಬಲಗೈಯ ಬೆರಳುಗಳು ತಮ್ಮದೇ ಎಡಗೈ ನಾಡಿಯ ಮೇಲೆ ಇರುತ್ತಿದ್ದವು. ಅದು ಅವರ ವೃತ್ತಿಯ ಅಭ್ಯಾಸ. ಕಣ್ಣು ಗೋಡೆಯ ಗಡಿಯಾರದ ಸೆಕೆಂಡಿನ ಮುಳ್ಳಿಗೆ ಹೋಗಿ ಬರುತ್ತಿತ್ತು.

ಅವರನ್ನು ನೋಡಲು ಬಂದವರೆಲ್ಲ ಹೇಳುತ್ತಿದ್ದ ಮಾತು ಒಂದೇ: ನಿಮ್ಮಂತೆ ಸೇವೆ ಮಾಡಿದವರಿಗೆ ಏನು ಚಿಂತೆ? ಒಂದು ಸಂಜೆ ನಾವಿಬ್ಬರೇ ಇದ್ದಾಗ ಅವರು ನನ್ನ ಕೈ ಹಿಡಿದುಕೊಂಡು ಹೇಳಿದರು: “ಎಲ್ಲಾರೂ ಸಾವಿರ ಮಂದಿಗೆ ಸೇವಾ ಮಾಡೀರಿ ಅಂತಾರ, ತಂಗೀ. ರಾತ್ರಿ ಕಣ್ಣ ಮುಚ್ಚಿದ್ರ ಆ ಸಾವಿರ ಮಂದಿ ಬರೂದಿಲ್ಲ. ಒಬ್ಬಾಕಿ ಬರ್ತಾಳ.” ಆ ಒಬ್ಬಾಕೆ ಬಹಳ ಹಿಂದೆ, ರಾತ್ರಿ ಪಾಳಿಯಲ್ಲಿ, ಮತ್ತೆ ಮತ್ತೆ ನೀರು ಕೇಳುತ್ತಿದ್ದ ಹುಡುಗಿ. ವಾರ್ಡು ತುಂಬಿತ್ತು, ಅಜ್ಜಿ ಒಬ್ಬರೇ ಇದ್ದರು. ಮತ್ತೊಮ್ಮೆ ಕರೆದಾಗ ಸುಮ್ಮನೆ ಮಲಗು ಎಂದು ಗದರಿಸಿದ್ದರು. ಬೆಳಗಾಗುವಷ್ಟರಲ್ಲಿ ಹುಡುಗಿ ತೀರಿಕೊಂಡಿದ್ದಳು. ಅದು ಅವರ ತಪ್ಪಿನಿಂದ ಆದ ಸಾವಲ್ಲ, ಅಷ್ಟು ತಿಳಿಯದ ನರ್ಸ್ ಅವರಲ್ಲ. ಆದರೂ ಆ ಮೇಲಿನ ವರ್ಷಗಳ ಸೇವೆಯೆಲ್ಲ ಸೇರಿ ಆ ಒಂದು ಮಾತನ್ನು ಅಳಿಸಲು ಸಾಧ್ಯವಾಗಿರಲಿಲ್ಲ.

ಒಳ್ಳೆಯ ಕೆಲಸಗಳಿಂದ ನಿಶ್ಚಯ ದೊರೆಯದು ಎಂಬ ಮಾತು ನನಗೆ ಕೇವಲ ಬೋಧನೆಯಾಗಿ ಉಳಿಯದಿರಲು ಕಾರಣ ಆ ಸಂಜೆ. ಮನಸ್ಸಾಕ್ಷಿ ಎಂಬುದು ಅಂಗಡಿಯ ಖಾತೆ ಪುಸ್ತಕದಂತೆ ಕೆಲಸ ಮಾಡುವುದಿಲ್ಲ. ಜಮೆಯ ಕಡೆ ಎಷ್ಟು ಬರೆದರೂ ಬಾಕಿಯ ಕಡೆಯ ಸಾಲನ್ನು ಅದು ಹೊಡೆದುಹಾಕುವುದಿಲ್ಲ. ಒಳ್ಳೆಯವರಾದಷ್ಟೂ ಬಾಕಿಯ ಸಾಲುಗಳು ಇನ್ನೂ ನಿಚ್ಚಳವಾಗಿ ಕಾಣುತ್ತವೆ. ಒರಟು ಮನಸ್ಸಿನವರಿಗೆ ಆ ಹುಡುಗಿ ಎಂದೋ ಮರೆತುಹೋಗಿರುತ್ತಿದ್ದಳು.

ನಾನು ಅವರಿಗೆ ಸಮಾಧಾನದ ಮಾತು ಹೇಳಲು ಹೋಗಲಿಲ್ಲ. ಲೂಕನ ಸುವಾರ್ತೆಯ ಹದಿನೆಂಟನೆಯ ಅಧ್ಯಾಯವನ್ನು ತೆಗೆದು, ಪ್ರಾರ್ಥನೆಗೆಂದು ದೇವಾಲಯಕ್ಕೆ ಹೋದ ಇಬ್ಬರ ಸಾಮ್ಯವನ್ನು ಓದಿದೆ. ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಪಂಗಡದವನಾದ ಫರಿಸಾಯನು ವಾರಕ್ಕೆ ಎರಡಾವರ್ತಿ ಉಪವಾಸ ಮಾಡುವವನು, ಸಂಪಾದಿಸಿದ್ದರಲ್ಲೆಲ್ಲ ಹತ್ತರಲ್ಲೊಂದು ಪಾಲು ಕೊಡುವವನು. ಅವನು ಸುಳ್ಳು ಹೇಳುತ್ತಿದ್ದನೆಂದು ಯೇಸು ಎಲ್ಲಿಯೂ ಹೇಳುವುದಿಲ್ಲ. ಜನರ ತಿರಸ್ಕಾರಕ್ಕೆ ಗುರಿಯಾಗಿದ್ದ ಸುಂಕದವನು ದೂರದಲ್ಲಿ ನಿಂತು, ತಲೆಯೆತ್ತಲಾರದೆ, ಎದೆ ಬಡಿದುಕೊಂಡು, ಪಾಪಿಯಾದ ನನ್ನನ್ನು ಕರುಣಿಸು ಎಂದಷ್ಟೇ ಕೇಳುತ್ತಾನೆ. ನೀತಿವಂತನೆಂದು ನಿರ್ಣಯ ಹೊಂದಿ ಮನೆಗೆ ಹೋದವನು ಅವನೇ. ಅಜ್ಜಿ ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: “ಅಂವಾ ಮನಿಗೆ ಹೋಗುವಾಗ ಅವನ ಕೈಯಾಗ ಏನಿತ್ತು?” ಏನೂ ಇರಲಿಲ್ಲ ಅಜ್ಜಿ, ಎಂದೆ. “ಅದೇ ದಿವಸ ಹೋದನಾ? ಏನಾರ ಮಾಡಿ ತೋರಿಸಿ ಆಮ್ಯಾಲ ಹೋಗ್ಲಿಲ್ಲೇನು?” ಅದೇ ದಿವಸ, ಎಂದೆ. ಆ ಅಧ್ಯಾಯವನ್ನು ಅವರು ನನ್ನಿಂದಲೂ, ಮೊಮ್ಮಗನಿಂದಲೂ ಆಮೇಲೆ ಹಲವು ಬಾರಿ ಓದಿಸಿಕೊಂಡರು. ಮುಂದಿನ ತಿಂಗಳುಗಳಲ್ಲಿ ಆ ಹುಡುಗಿಯ ವಿಷಯದ ದುಃಖ ಅವರನ್ನು ಬಿಟ್ಟುಹೋಗಲಿಲ್ಲ, ಬಿಟ್ಟುಹೋಗಬೇಕೆಂದು ನಾನು ಬಯಸಲೂ ಇಲ್ಲ. ಆದರೆ ನಾನು ಮಾಡಿದ್ದು ಸಾಕಾದೀತೇ ಎಂದು ಕೇಳುವುದನ್ನು ಅವರು ನಿಲ್ಲಿಸಿದರು. “ಆಕಿ ಲೆಕ್ಕಾನೂ ಅವನ ಕಡೆನ ಕೊಟ್ಟೀನಿ” ಎಂದರು ಒಮ್ಮೆ.

ಈ ಸಂಕಟ ಹೊಸದಲ್ಲ. ಪ್ರೊಟೆಸ್ಟಂಟ್ ಸುಧಾರಣೆಗೆ ನಾಂದಿ ಹಾಡಿದ ಮಾರ್ಟಿನ್ ಲೂಥರ್ 1505ರಲ್ಲಿ ಜರ್ಮನಿಯ ಎರ್ಫರ್ಟಿನ ಮಠವನ್ನು ಸೇರಿದಾಗ ಆತ ಸೋಮಾರಿ ಸನ್ಯಾಸಿಯಾಗಿರಲಿಲ್ಲ. ಉಪವಾಸ, ಜಾಗರಣೆ, ಗಂಟೆಗಟ್ಟಲೆ ಪಾಪನಿವೇದನೆ ಎಲ್ಲವನ್ನೂ ಮಠದ ನಿಯಮಕ್ಕಿಂತ ಹೆಚ್ಚಾಗಿಯೇ ಮಾಡಿದ. ಮಾಡಿದಷ್ಟೂ ಭಯ ಹೆಚ್ಚಾಯಿತು. ಆತನ ಹಿರಿಯರಾದ ಸ್ಟೌಪಿಟ್ಸ್ ಕ್ರಿಸ್ತನ ಗಾಯಗಳ ಕಡೆಗೆ ನೋಡು ಎಂದು ಬುದ್ಧಿ ಹೇಳುತ್ತಿದ್ದರು. ರೋಮಾಪುರದವರಿಗೆ ಬರೆದ ಪತ್ರಿಕೆಯ ಮೊದಲನೆಯ ಅಧ್ಯಾಯದ ಹದಿನೇಳನೆಯ ವಚನದಲ್ಲಿ ಬರುವ ‘ದೇವರ ನೀತಿ’ಯು ಪಾಪಿಯನ್ನು ದಂಡಿಸಲು ಎತ್ತಿದ ಕತ್ತಿಯಲ್ಲ, ನಂಬುವವನಿಗೆ ದೇವರು ಉಚಿತವಾಗಿ ಕೊಡುವ ವರ ಎಂದು ಹೊಳೆದಾಗ ತನಗೆ ಪರಲೋಕದ ಬಾಗಿಲುಗಳೇ ತೆರೆದಂತಾಯಿತೆಂದು, ಸಾಯುವ ಹಿಂದಿನ ವರ್ಷ, 1545ರಲ್ಲಿ, ಆತ ನೆನೆದು ಬರೆದಿದ್ದಾನೆ. ಲೂಥರನ ಕಥೆ ನಮ್ಮ ಸಭೆಗಳಲ್ಲಿ ಸುಧಾರಣೆಯ ದಿನವಾದ ಪ್ರತಿ ಅಕ್ಟೋಬರ್ 31ಕ್ಕೆ ಹೇಳಲ್ಪಡುತ್ತದೆ, ಆದ್ದರಿಂದ ಇಷ್ಟು ಸಾಕು. ನಮ್ಮವರು ಅಷ್ಟಾಗಿ ಹೇಳಿಕೊಳ್ಳದ, ನಮ್ಮದೇ ನೆಲದಲ್ಲಿ ಹುಟ್ಟಿ ಈ ಪುಣೆಯಲ್ಲೇ ಬಾಳಿದ ಇನ್ನೊಬ್ಬರ ಸಾಕ್ಷಿಯನ್ನು ನಾನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

ಪಂಡಿತಾ ರಮಾಬಾಯಿಯವರನ್ನು ನಾವು ಮಹಾರಾಷ್ಟ್ರದವರೆಂದೇ ಭಾವಿಸುತ್ತೇವೆ. ಅವರು ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳ ಸೀಮೆಯ ಮಾಳದವರು, ಹೆಂಡತಿಗೂ ಮಗಳಿಗೂ ಸಂಸ್ಕೃತ ಕಲಿಸಿದ ಧೀರ ವಿದ್ವಾಂಸರು. ಆ ಕುಟುಂಬ ಕ್ಷೇತ್ರದಿಂದ ಕ್ಷೇತ್ರಕ್ಕೆ ಪುರಾಣ ಓದುತ್ತಾ, ವ್ರತ ಉಪವಾಸಗಳನ್ನು ನಡೆಸುತ್ತಾ, ಇದ್ದುದನ್ನೆಲ್ಲ ದಾನ ಮಾಡುತ್ತಾ ನಾಡನ್ನೆಲ್ಲ ನಡೆದು ಸುತ್ತಿತು. 1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರಾದ ಮೇಲೊಬ್ಬರು ತೀರಿಕೊಂಡರು. ಆ ತಂದೆತಾಯಿಯರ ಭಕ್ತಿಯನ್ನು ಹಗುರವಾಗಿ ಕಾಣುವುದು ನನ್ನಿಂದಾಗದು. ರಮಾಬಾಯಿಯವರೂ ಕೊನೆಯವರೆಗೆ ಅವರನ್ನು ಗೌರವದಿಂದಲೇ ನೆನೆದರು. ಮುಂದೆ ಕಲ್ಕತ್ತೆಯಲ್ಲಿ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳು, ಮದುವೆ, ಬೇಗನೆ ಬಂದ ವೈಧವ್ಯ, ಕೈಯಲ್ಲಿ ಪುಟ್ಟ ಮಗಳು ಮನೋರಮಾ, ಆಮೇಲೆ ಇಂಗ್ಲೆಂಡ್. ಅಲ್ಲಿ ವಾಂಟೇಜ್ ಪಟ್ಟಣದ ಕ್ರೈಸ್ತ ಸನ್ಯಾಸಿನಿಯರಾದ ಸಿಸ್ಟರುಗಳ ಆಶ್ರಯದಲ್ಲಿ 1883ರಲ್ಲಿ ಅವರು ದೀಕ್ಷಾಸ್ನಾನ ಪಡೆದರು. ಲಂಡನ್ನಿನ ಫುಲ್ಹ್ಯಾಮಿನಲ್ಲಿ ಆ ಸಿಸ್ಟರುಗಳು ಸಮಾಜ ತಳ್ಳಿಹಾಕಿದ ಹೆಂಗಸರನ್ನು ನೋಡಿಕೊಳ್ಳುತ್ತಿದ್ದ ರೀತಿಯನ್ನು ಕಂಡು, ಯೇಸು ಸಮಾರ್ಯದ ಹೆಂಗಸಿನೊಡನೆ ಮಾತನಾಡಿದ ಕಥೆಯನ್ನು ಕೇಳಿ, ಅವರ ಮನಸ್ಸು ಕರಗಿತ್ತು.

ನಾವು ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೆ ಮುಗಿಸುತ್ತೇವೆ: ದೀಕ್ಷಾಸ್ನಾನವಾಯಿತು, ಕ್ರೈಸ್ತರಾದರು, ಸೇವೆಗೆ ಇಳಿದರು. ಆದರೆ 1907ರಲ್ಲಿ ತಮ್ಮ ಸಾಕ್ಷಿಯನ್ನು ಬರೆದಾಗ ರಮಾಬಾಯಿಯವರು ಅದನ್ನು ಅಲ್ಲಿಗೆ ಮುಗಿಸಲಿಲ್ಲ. ದೀಕ್ಷಾಸ್ನಾನವಾದ ಎಂಟು ವರ್ಷಗಳ ನಂತರ ಅವರಿಗೆ ಒಂದು ವಿಷಯ ಅರಿವಿಗೆ ಬಂತು: ತಾನು ಕ್ರೈಸ್ತ ಧರ್ಮವನ್ನು ಕಂಡುಕೊಂಡಿದ್ದೇನೆ, ಆದರೆ ಆ ಧರ್ಮದ ಜೀವವಾಗಿರುವ ಕ್ರಿಸ್ತನನ್ನು ಇನ್ನೂ ಕಂಡುಕೊಂಡಿಲ್ಲ. ಪಾಪಕ್ಕಾಗಿ ಪಶ್ಚಾತ್ತಾಪಪಟ್ಟು ಅದನ್ನು ಬಿಡಲು ಗಟ್ಟಿ ಮನಸ್ಸು ಮಾಡಿದರೆ ಕ್ಷಮೆ ದೊರೆಯುತ್ತದೆ, ದೀಕ್ಷಾಸ್ನಾನದ ವಿಧಿಯಿಂದಲೇ ಹೊಸ ಜನ್ಮ ಆಗಿಬಿಡುತ್ತದೆ ಎಂಬ ಎಣಿಕೆ ತನ್ನಲ್ಲಿ ಗಟ್ಟಿಯಾಗಿ ಕೂತಿತ್ತೆಂದು ಅವರು ಬಿಚ್ಚಿ ಹೇಳುತ್ತಾರೆ. ಬೋಧಕನಾಗಿದ್ದೂ ತನಗೇ ರಕ್ಷಣೆಯಿಲ್ಲವೆಂದು ಕಂಡುಕೊಂಡು, ತನ್ನದೇ ಪೀಠದ ಮೇಲೆ ನಿಂತು ಪ್ರಸಂಗ ಮಾಡುತ್ತಿರುವಾಗ ಹೊಸ ಬದುಕು ಪಡೆದ ಇಂಗ್ಲೆಂಡಿನ ಪಾದ್ರಿಯೊಬ್ಬರ ಆತ್ಮಕಥೆ ಆ ದಿನಗಳಲ್ಲಿ ಅವರ ಕೈಗೆ ಸಿಕ್ಕಿತು. ಅದನ್ನು ಓದಿದ ಮೇಲೆ ಅವರು ಸತ್ಯವೇದವನ್ನು ಹೊಸದಾಗಿ ಹುಡುಕತೊಡಗಿದರು. 1891ರ ಸುಮಾರಿಗೆ, ತನ್ನಿಂದ ಇನ್ನೇನೂ ಆಗದೆಂಬ ಕೊನೆಯನ್ನು ಮುಟ್ಟಿ, ಯಾವ ಷರತ್ತೂ ಇಲ್ಲದೆ ತನ್ನನ್ನು ರಕ್ಷಕನಿಗೆ ಒಪ್ಪಿಸಿಕೊಟ್ಟರು. ಜಾತಿಯಾಗಲಿ, ಹೆಣ್ಣು ಗಂಡೆಂಬುದಾಗಲಿ, ಮಾಡುವ ಕೆಲಸವಾಗಲಿ, ಇನ್ನೊಬ್ಬ ಮನುಷ್ಯನಾಗಲಿ ರಕ್ಷಣೆಗೆ ಆಧಾರವಲ್ಲ, ದೇವರು ತನ್ನ ಮಗನನ್ನು ನಂಬುವ ಯಾರಿಗಾದರೂ ಅದನ್ನು ಉಚಿತವಾಗಿ ಕೊಡುತ್ತಾನೆ ಎಂಬುದು ಅವರು ಆಗ ಕಂಡುಕೊಂಡದ್ದರ ಸಾರ.

ಇಲ್ಲಿ ಇಸವಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. ಬಾಲವಿಧವೆಯರಿಗಾಗಿ ಅವರು ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದದ್ದು 1889ರಲ್ಲಿ. ಅದು ಪುಣೆಗೆ ಬಂದದ್ದು 1890ರಲ್ಲಿ. ಅಂದರೆ ನಿಶ್ಚಯವಿಲ್ಲದೆ ಒಳಗೊಳಗೆ ತೊಳಲುತ್ತಿದ್ದ ಆ ವರ್ಷಗಳಲ್ಲಿ ರಮಾಬಾಯಿಯವರು ಕೈಕಟ್ಟಿ ಕೂತಿರಲಿಲ್ಲ. ಈ ದೇಶದಲ್ಲಿ ಆಗ ಹೆಚ್ಚಿನವರು ಕೈಹಾಕಲು ಹೆದರುತ್ತಿದ್ದ ಕೆಲಸವನ್ನು ನಡೆಸುತ್ತಿದ್ದರು, ಸಮುದ್ರ ದಾಟಿ ಹೋಗಿ ಅದಕ್ಕೆ ಹಣ ಕೂಡಿಸಿದ್ದರು. ಒಳ್ಳೆಯ ಕೆಲಸ ಮನುಷ್ಯರಿಗೆ ನಿಶ್ಚಯವನ್ನು ಕೊಡುವುದಾಗಿದ್ದರೆ ಅದು ಮೊದಲು ದೊರೆಯಬೇಕಾಗಿದ್ದದ್ದು ಅವರಿಗೆ. ದೊರೆಯಲಿಲ್ಲ. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ವಾದ ಬೇರೆ ಬೇಕಿಲ್ಲ.

ನಿಶ್ಚಯ ದೊರೆತ ಮೇಲಾದರೂ ಅವರು ಸುಮ್ಮನೆ ಕುಳಿತರೇ? 1893ರಲ್ಲಿ ಸದನದ ಹುಡುಗಿಯರು ಕ್ರೈಸ್ತ ಪ್ರಾರ್ಥನೆಯತ್ತ ವಾಲುತ್ತಿದ್ದಾರೆಂಬ ಕೋಲಾಹಲವೆದ್ದು, ರಾನಡೆ, ಭಂಡಾರಕರ್ ಅವರಂಥ ಹಿರಿಯರು ಸಲಹಾ ಸಮಿತಿಯಿಂದ ಹೊರಬಂದರು. ಪುಣೆಯ ಗಣ್ಯರ ಮೆಚ್ಚುಗೆ ಒಂದೇ ಸಲಕ್ಕೆ ಕೈಬಿಟ್ಟು ಹೋಯಿತು. ಅವರು ಕೆಲಸ ನಿಲ್ಲಿಸಲಿಲ್ಲ. 1896–97ರ ಬರಗಾಲದಲ್ಲಿ ಮಧ್ಯಪ್ರಾಂತ್ಯಕ್ಕೆ ತಾವೇ ಹೋಗಿ ಹಸಿದ ಹುಡುಗಿಯರನ್ನು ಕರೆತಂದರು, 1900ರ ಗುಜರಾತಿನ ಬರಗಾಲದಲ್ಲಿ ಇನ್ನಷ್ಟು ಜನ ಬಂದರು. ಕೇಡಗಾಂವದಲ್ಲಿ ಅವರು ಕಟ್ಟಿದ ‘ಮುಕ್ತಿ’ ಎಂಬ ಆಶ್ರಯಧಾಮದಲ್ಲಿ ಸಾವಿರಕ್ಕೂ ಹೆಚ್ಚು ಹೆಂಗಸರು ಮಕ್ಕಳು ಉಂಡು, ಓದಿ, ಕಸುಬು ಕಲಿತರು. 1922ರ ಏಪ್ರಿಲಿನಲ್ಲಿ ತೀರಿಕೊಳ್ಳುವ ಮುನ್ನ ಸತ್ಯವೇದವನ್ನು ಸರಳ ಮರಾಠಿಗೆ ತರುವ ಕೆಲಸವನ್ನೂ ಮುಗಿಸಿದ್ದರು. ಕೃಪೆಯಿಂದಲೇ ರಕ್ಷಣೆ ಎಂದು ಬೋಧಿಸಿದರೆ ಜನ ಸೋಮಾರಿಗಳಾಗುತ್ತಾರೆ ಎಂದು ಹೇಳುವವರನ್ನು ನಾನು ಕೇಡಗಾಂವಕ್ಕೆ ಕರೆದುಕೊಂಡು ಹೋಗಲು ಇಷ್ಟಪಡುತ್ತೇನೆ. ಪುಣೆಯಿಂದ ದೌಂಡಿನ ಕಡೆಗೆ ಹೋಗುವ ಗಾಡಿಯಲ್ಲಿ ಲೋಣಿ, ಉರುಳಿ, ಯವತ ದಾಟಿ, ಕಬ್ಬಿನ ಹೊಲಗಳ ನಡುವೆ 50 ಕಿ.ಮೀ.ಗೂ ಸ್ವಲ್ಪ ಹೆಚ್ಚು ದೂರ ಹೋದರೆ ಆ ನಿಲ್ದಾಣ ಬರುತ್ತದೆ. ಅಲ್ಲಿನ ಕೆಲಸ ಇಂದಿಗೂ ನಡೆಯುತ್ತಿದೆ.

ಇಷ್ಟು ಹೇಳಿದ ಮೇಲೆ ಯಾಕೋಬನ ಪತ್ರಿಕೆಯ ಮಾತು ಬಂದೇ ಬರುತ್ತದೆ, ಬರಲೂಬೇಕು. ಕ್ರಿಯೆಗಳಿಲ್ಲದ ನಂಬಿಕೆ ಸತ್ತದ್ದು ಎಂದು ಅವನು ಬರೆದಿದ್ದಾನೆ. ಅಬ್ರಹಾಮನು ಇಸಾಕನನ್ನು ಯಜ್ಞವೇದಿಯ ಮೇಲೆ ಅರ್ಪಿಸಿದ್ದನ್ನು ಉದಾಹರಿಸಿದ್ದಾನೆ. ಅಪೊಸ್ತಲ ಪೌಲನೂ ಅದೇ ಅಬ್ರಹಾಮನನ್ನು ಹಿಡಿದುಕೊಂಡೇ, ಕ್ರಿಯೆಗಳಿಂದಲ್ಲ ನಂಬಿಕೆಯಿಂದಲೇ ನೀತಿ ಎಂಬ ತನ್ನ ಮಾತನ್ನು ಸ್ಥಾಪಿಸುತ್ತಾನೆ. ಆದಿಕಾಂಡವನ್ನು ತೆರೆದು ಕ್ರಮವಾಗಿ ಓದಿದರೆ ತೊಡಕು ಬಿಡುತ್ತದೆ. ಅಬ್ರಹಾಮನು ದೇವರನ್ನು ನಂಬಿದ್ದು, ಆ ನಂಬಿಕೆ ಅವನ ಲೆಕ್ಕಕ್ಕೆ ನೀತಿಯೆಂದು ಎಣಿಸಲ್ಪಟ್ಟದ್ದು ಹದಿನೈದನೆಯ ಅಧ್ಯಾಯದಲ್ಲಿ. ಸುನ್ನತಿಯ ವಿಧಿ ಬರುವುದು ಹದಿನೇಳರಲ್ಲಿ. ಇಸಾಕನ ವಿಷಯ ಇಪ್ಪತ್ತೆರಡರಲ್ಲಿ, ಆ ಮಗು ಹುಟ್ಟಿ ಬೆಳೆದ ಮೇಲೆ. ದೇವರ ಮುಂದೆ ನಿಲ್ಲಲು ಏನಾದರೂ ಮಾಡಿ ತೋರಿಸಬೇಕೆನ್ನುವವರಿಗೆ ಪೌಲನು ಹದಿನೈದನೆಯ ಅಧ್ಯಾಯವನ್ನು ತೋರಿಸುತ್ತಾನೆ. ಬಾಯಲ್ಲಿ ನಂಬುತ್ತೇವೆಂದು ಹೇಳಿ ಹಸಿದವನನ್ನು ಬರಿಗೈಲಿ ಕಳಿಸುವವರಿಗೆ ಯಾಕೋಬನು ಇಪ್ಪತ್ತೆರಡನೆಯದನ್ನು ತೋರಿಸುತ್ತಾನೆ. ಎಫೆಸದವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿಯೂ ಇದೇ ಕ್ರಮವಿದೆ. ಎಂಟು, ಒಂಬತ್ತನೆಯ ವಚನಗಳು ರಕ್ಷಣೆ ಪುಣ್ಯಕ್ರಿಯೆಗಳಿಂದ ಬಂದದ್ದಲ್ಲವೆಂದು ಬಾಗಿಲು ಹಾಕಿಬಿಡುತ್ತವೆ. ಹತ್ತನೆಯದು, ಸತ್ಕ್ರಿಯೆಗಳನ್ನು ಮಾಡುವುದಕ್ಕಾಗಿಯೇ ಕ್ರಿಸ್ತನಲ್ಲಿ ನಮ್ಮನ್ನು ಸೃಷ್ಟಿಸಲಾಯಿತೆಂದು ಹೇಳುತ್ತದೆ. ನಮ್ಮ ಸಂಡೇ ಸ್ಕೂಲಿನ ಮಕ್ಕಳು ಮೊದಲ ಎರಡು ವಚನಗಳನ್ನು ಬಾಯಿಪಾಠ ಮಾಡುತ್ತಾರೆ. ಹತ್ತನೆಯದನ್ನೂ ಜೊತೆಗೆ ಕಲಿಸಬೇಕೆಂದು ನಾನು ಶಿಕ್ಷಕಿಯರಿಗೆ ಹೇಳುತ್ತಲೇ ಇರುತ್ತೇನೆ.

ಇದಕ್ಕಿಂತ ಸೂಕ್ಷ್ಮವಾದ ತೊಂದರೆ ಇನ್ನೊಂದಿದೆ, ನಾನು ಹೆಚ್ಚು ಕಾಲ ಕಳೆದದ್ದು ಅದರೊಳಗೆ. ಕ್ರಿಯೆಗಳ ಮೇಲಿನ ಭರವಸೆಯನ್ನು ಬಿಟ್ಟ ಮನುಷ್ಯ ತನ್ನ ನಂಬಿಕೆಯನ್ನೇ ಒಂದು ಕ್ರಿಯೆಯನ್ನಾಗಿ ಮಾಡಿಕೊಂಡು ಅದನ್ನು ಅಳೆಯತೊಡಗುತ್ತಾನೆ. ನನ್ನ ನಂಬಿಕೆ ಸಾಕಷ್ಟು ಗಟ್ಟಿಯಾಗಿದೆಯೇ? ನಿಜವಾಗಿಯೂ ಒಪ್ಪಿಸಿಕೊಟ್ಟೆನೇ? ಪ್ರಾರ್ಥನೆಯಲ್ಲಿ ಕಣ್ಣೀರು ಬಂತೇ? ಕನ್ವೆನ್ಷನ್ ಕೂಟಗಳಲ್ಲಿ ಪ್ರತಿ ಸಲವೂ ಕೈಯೆತ್ತುವ, ಪ್ರತಿ ಸಲವೂ ಮುಂದೆ ಬಂದು ನಿಲ್ಲುವ ಯುವಕ ಯುವತಿಯರನ್ನು ಕಂಡಾಗ ನನಗೆ ಮರುಕವಾಗುತ್ತದೆ. ಅವರು ಕೇಳುತ್ತಿರುವುದು ಮತ್ತೆ ಅದೇ, ಇಷ್ಟು ಸಾಕೇ ಎಂಬ ಪ್ರಶ್ನೆಯನ್ನೇ; ಅಳತೆಗೆ ಇಟ್ಟ ವಸ್ತು ಮಾತ್ರ ಬದಲಾಗಿದೆ.

ಇಂಥವರಿಗೆ ಜಾನ್ ವೆಸ್ಲಿಯ ಕಥೆಯ ಅರ್ಧ ಭಾಗ ಮಾತ್ರ ಹೇಳುವುದು ಅಪಾಯ. 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟವೊಂದರಲ್ಲಿ, ರೋಮಾಪುರದವರ ಪತ್ರಿಕೆಗೆ ಲೂಥರ್ ಬರೆದ ಮುನ್ನುಡಿಯನ್ನು ಯಾರೋ ಓದುತ್ತಿದ್ದಾಗ, ಒಂಬತ್ತು ಗಂಟೆಗೆ ಸುಮಾರು ಕಾಲುಗಂಟೆ ಇರುವಾಗ, ತನ್ನ ಹೃದಯ ವಿಚಿತ್ರ ರೀತಿಯಲ್ಲಿ ಬೆಚ್ಚಗಾಯಿತೆಂದೂ, ರಕ್ಷಣೆಗಾಗಿ ಕ್ರಿಸ್ತನೊಬ್ಬನನ್ನೇ ನಂಬಿದ್ದೇನೆಂಬ ನಿಶ್ಚಯ ದೊರೆಯಿತೆಂದೂ ಆತ ದಿನಚರಿಯಲ್ಲಿ ಬರೆದದ್ದು ಎಲ್ಲ ಮೆಥೊಡಿಸ್ಟರಿಗೂ ಗೊತ್ತು. ಅದೇ ದಿನಚರಿಯಲ್ಲಿ, ಒಂದು ವರ್ಷವೂ ತುಂಬುವ ಮುನ್ನ, 1739ರ ಜನವರಿಯಲ್ಲಿ, ನಾನು ಈಗಲೂ ಕ್ರೈಸ್ತನಲ್ಲ ಎಂದು ಆತ ಬರೆದುಕೊಂಡದ್ದನ್ನು ಪ್ರಸಂಗಪೀಠದಿಂದ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಬೆಚ್ಚಗಾದ ಹೃದಯ ತಣ್ಣಗಾಗುತ್ತದೆ. ವೆಸ್ಲಿ ವಯಸ್ಸಾದಂತೆ ಈ ವಿಷಯದಲ್ಲಿ ಮೃದುವಾದ. ನಿಶ್ಚಯವು ದೇವರ ಮಕ್ಕಳಿಗೆಲ್ಲ ದೊರೆಯಬಹುದಾದ ಭಾಗ್ಯವೆಂದು ಬೋಧಿಸುತ್ತಲೇ, ಅದಿಲ್ಲದೆ ಅಂಜುತ್ತಾ ಬಾಳುವವರು ದೇವರಿಂದ ಅಂಗೀಕೃತರಲ್ಲ ಎಂಬ ಹಿಂದಿನ ಕಟು ಮಾತನ್ನು ಕೈಬಿಟ್ಟ. ಅಂಜುಬುರುಕ ಮನಸ್ಸಿನವರಿಗೆ ಈ ವಿವೇಚನೆ ಬಹಳ ಮುಖ್ಯ. ರಕ್ಷಣೆ ಒಂದು, ಅದರ ನಿಶ್ಚಯ ಇನ್ನೊಂದು. ಎರಡನೆಯದು ಮಂಕಾದ ದಿನ ಮೊದಲನೆಯದು ಇಲ್ಲವಾಗುವುದಿಲ್ಲ.

ಮೋಶೆ ಸರ್ಪವನ್ನು ಎತ್ತಿದಂತೆಯೇ ಮನುಷ್ಯಕುಮಾರನೂ ಎತ್ತಲ್ಪಡಬೇಕೆಂದು ಯೇಸು ನಿಕೊದೇಮನಿಗೆ ಹೇಳಿದ ಮಾತಿನಲ್ಲಿ ಇದಕ್ಕೆ ನನಗೆ ಉತ್ತರ ಸಿಕ್ಕಿತು. ಅರಣ್ಯಕಾಂಡದ ಇಪ್ಪತ್ತೊಂದನೆಯ ಅಧ್ಯಾಯದಲ್ಲಿ ಹಾವು ಕಚ್ಚಿದ ಇಸ್ರಾಯೇಲ್ಯರು ಬದುಕಲು ಮಾಡಬೇಕಾಗಿದ್ದದ್ದು ಮೋಶೆ ಕಂಬದ ಮೇಲೆ ಎತ್ತಿದ ತಾಮ್ರದ ಸರ್ಪದ ಕಡೆಗೆ ನೋಡುವುದಷ್ಟೇ. ಅವರು ಎಷ್ಟು ತೀಕ್ಷ್ಣವಾಗಿ ನೋಡಿದರು, ನೋಡುವಾಗ ಏನನಿಸಿತು ಎಂಬ ಒಂದು ಮಾತೂ ಅಲ್ಲಿಲ್ಲ. ಜ್ವರದಲ್ಲಿ ಮಂಜಾದ ಕಣ್ಣೂ ಸಾಕಾಗಿತ್ತು, ಏಕೆಂದರೆ ಗುಣಪಡಿಸುವ ಶಕ್ತಿ ಕಣ್ಣಿನಲ್ಲಿರಲಿಲ್ಲ. ತನ್ನ ಕಣ್ಣನ್ನೇ ನೋಡಿಕೊಳ್ಳಲು ಹೊರಟವನಿಗೆ ಕಂಬ ಕಾಣುವುದಿಲ್ಲ. ನನ್ನ ನಂಬಿಕೆಯನ್ನು ಪರೀಕ್ಷಿಸಿಕೊಳ್ಳುತ್ತಾ ಕುಳಿತಾಗಲೆಲ್ಲ ನನಗೆ ನಿಶ್ಚಯ ತಪ್ಪಿಹೋಗಿದೆ. ಕ್ರಿಸ್ತನು ಯಾರು, ಶಿಲುಬೆಯಲ್ಲಿ ಆತನು ಏನನ್ನು ಮುಗಿಸಿದನು ಎಂಬುದನ್ನು ಓದುತ್ತಾ ಕುಳಿತಾಗ ನನ್ನ ನಂಬಿಕೆಯ ಬಗ್ಗೆ ಯೋಚಿಸುವುದನ್ನೇ ಮರೆತು ನೆಮ್ಮದಿಯಾಗಿದ್ದೇನೆ. ತನ್ನ ಅಪನಂಬಿಕೆಯಲ್ಲಿಯೇ ಸಹಾಯಮಾಡೆಂದು ಕೂಗಿದ ತಂದೆಯ ಮಗನನ್ನು ಯೇಸು ಗುಣಪಡಿಸಿದನೆಂದು ಮಾರ್ಕನು ಬರೆದದ್ದು ನಮ್ಮಂಥವರಿಗಾಗಿ.

ಪುಣೆಯಲ್ಲಿ ನನಗೆ ಮಂಗಳೂರು, ಗೋವಾ ಕಡೆಯ ಕಥೋಲಿಕ ಗೆಳತಿಯರೂ ಇದ್ದಾರೆ, ಆದ್ದರಿಂದ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಅವರ ಸಭೆ ರಕ್ಷಣೆಯನ್ನು ಕೆಲಸಗಳಿಗೆ ಮಾರುತ್ತದೆ ಎಂದು ನಮ್ಮ ಕೆಲವು ಪ್ರಸಂಗಿಗಳು ಹೇಳುವುದು ಸರಿಯಲ್ಲ. ಕಥೋಲಿಕ ಸಭೆಯ ಟ್ರೆಂಟ್ ಮಹಾಸಭೆಯ 1547ರ ನಿರ್ಣಯವು, ಯಾರೂ ತಾನು ಕೃಪೆ ಹೊಂದಿದ್ದೇನೆಂದು ತಪ್ಪಲಾರದ ಖಚಿತತೆಯಿಂದ ತಿಳಿಯಲಾರನೆಂದು ಹೇಳಿದ್ದು ನಿಜ, ಅಲ್ಲಿ ನಾನು ಅವರೊಂದಿಗೆ ಒಪ್ಪಲಾರೆ. ಆದರೆ 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ ಲೂಥರನ್ ಸಭೆಗಳೂ ಕಥೋಲಿಕ ಸಭೆಯೂ ಸೇರಿ ಸಹಿಹಾಕಿದ ಘೋಷಣೆ, ನಮ್ಮ ಯಾವ ಯೋಗ್ಯತೆಯಿಂದಲೂ ಅಲ್ಲ, ಕೃಪೆಯಿಂದಲೇ, ಕ್ರಿಸ್ತನ ರಕ್ಷಣಾಕಾರ್ಯದಲ್ಲಿ ನಂಬಿಕೆಯಿಟ್ಟು ದೇವರಿಂದ ಅಂಗೀಕೃತರಾಗುತ್ತೇವೆ ಎಂದು ಒಟ್ಟಾಗಿ ಒಪ್ಪಿಕೊಂಡಿದೆ. 2006ರಲ್ಲಿ ಮೆಥೊಡಿಸ್ಟರೂ ಅದಕ್ಕೆ ತಮ್ಮ ಒಪ್ಪಿಗೆ ಕೊಟ್ಟರು. ಪರರ ಸಭೆಯಲ್ಲಿ ಕ್ರಿಯೆಗಳ ಅವಲಂಬನೆಯನ್ನು ಹುಡುಕುವ ಮುನ್ನ ನಮ್ಮ ಬೆಂಚುಗಳ ಮೇಲೆ ಕೂತವರನ್ನು ವಿಚಾರಿಸುವುದು ಮೇಲು.

ಕೊನೆಯದಾಗಿ ಒಂದು ಆಕ್ಷೇಪಣೆ ಉಳಿಯುತ್ತದೆ: ನನಗೆ ರಕ್ಷಣೆಯಾಗಿದೆ ಎಂದು ಹೇಳುವುದು ಅಹಂಕಾರವಲ್ಲವೇ? ನಮ್ಮ ಮನೆಗಳಲ್ಲಿ ಹಿರಿಯರು ಇದನ್ನು ನಿಜವಾದ ಅಳುಕಿನಿಂದ ಕೇಳುತ್ತಾರೆ. ನಾನು ಯೋಗ್ಯಳೆಂಬ ಕಾರಣಕ್ಕೆ ಹಾಗೆ ಹೇಳುವುದಾದರೆ ಅದು ಖಂಡಿತವಾಗಿ ಅಹಂಕಾರವೇ. ಆದರೆ ಯೇಸುವಿನ ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳನು, ಇಳಿದು ಬಂದು ಯಾರಿಗೂ ಯಾವ ಸಾಲವನ್ನೂ ತೀರಿಸಲಾಗದ, ದೀಕ್ಷಾಸ್ನಾನವನ್ನೂ ಪಡೆಯಲಾಗದ ಸ್ಥಿತಿಯಲ್ಲಿ, ಈಹೊತ್ತೇ ನನ್ನ ಸಂಗಡ ಪರದೈಸಿನಲ್ಲಿರುವಿ ಎಂಬ ಮಾತನ್ನು ಪಡೆದನು. ಆ ಮಧ್ಯಾಹ್ನ ಯಾರಾದರೂ ಅವನನ್ನು ನಿನಗೆ ನಿಶ್ಚಯವಿದೆಯೇ ಎಂದು ಕೇಳಿದ್ದರೆ, ನನ್ನ ಕೈಲಾದದ್ದನ್ನು ಮಾಡಿದ್ದೇನೆ, ನೋಡೋಣ ಎಂದು ಅವನು ಹೇಳಬಹುದಾಗಿತ್ತೇ? ಆತನು ಹೇಳಿದ್ದಾನೆ ಎಂದಷ್ಟೇ ಹೇಳಬಹುದಾಗಿತ್ತು. ಕೊಟ್ಟ ಮಾತನ್ನು ನಂಬದೆ ಅಳುಕುತ್ತಲೇ ಇರುವುದರಲ್ಲಿ, ಮಾತು ಕೊಟ್ಟವನಿಗೆ ಯಾವ ಗೌರವವಿದೆ? ಯೋಹಾನನು ತನ್ನ ಮೊದಲನೆಯ ಪತ್ರಿಕೆಯ ಕೊನೆಯ ಅಧ್ಯಾಯದಲ್ಲಿ, ದೇವರ ಮಗನ ಹೆಸರಿನಲ್ಲಿ ನಂಬಿಕೆಯಿಟ್ಟವರಿಗೆ ನಿತ್ಯಜೀವ ಉಂಟೆಂದು ಗೊತ್ತಾಗಲಿ ಎಂದೇ ಇದನ್ನೆಲ್ಲ ಬರೆದೆನೆನ್ನುತ್ತಾನೆ. ಗೊತ್ತಾಗಲಿ ಎಂದು ಬರೆದಿರುವುದನ್ನು ಗೊತ್ತಿಲ್ಲವೆಂದೇ ಇಟ್ಟುಕೊಳ್ಳುವುದು ವಿನಯವೆಂದು ನನಗೆ ಅನಿಸುವುದಿಲ್ಲ.

ಇದನ್ನು ಓದುವವರಲ್ಲಿ ಯಾರಾದರೂ ಕಾಯಿಲೆಯ ಹಾಸಿಗೆಯಲ್ಲಿದ್ದರೆ, ಅಥವಾ ಅಂಥವರ ಪಕ್ಕದಲ್ಲಿ ಕೂತಿದ್ದರೆ, ಯೋಹಾನನ ಸುವಾರ್ತೆಯ ಮೂರನೆಯ ಅಧ್ಯಾಯದಿಂದ ಐದನೆಯ ಅಧ್ಯಾಯದ ಇಪ್ಪತ್ತನಾಲ್ಕನೆಯ ವಚನದವರೆಗೆ ಗಟ್ಟಿಯಾಗಿ, ನಿಧಾನವಾಗಿ ಓದಿರಿ. ಓದುವುದಕ್ಕೆ ಮುಂಚೆ ಮನಸ್ಸನ್ನು ಶುದ್ಧಮಾಡಿಕೊಳ್ಳಬೇಕು, ಹಳೆಯದನ್ನೆಲ್ಲ ಸರಿಪಡಿಸಿಕೊಂಡಿರಬೇಕು ಎಂದು ಕಾಯಬೇಡಿರಿ. ರೋಗಿಗೆ ಆಯಾಸವಾದರೆ ನಿಲ್ಲಿಸಿ, ಮರುದಿನ ಬಿಟ್ಟಲ್ಲಿಂದ ಮುಂದುವರಿಸಿರಿ.